ಮುಳುಗು ಹಡಗಿಗೆ ದನಿ ಕೊಟ್ಟವರು

ಮೊದಲ ಪುಟ. ೨೧ ಮಾರ್ಚ್, ಬುದ್ಧವರ್ಷ ೨೫೦೮, ಭಾನುವಾರ

ಖಾಲಿ ಬಿಟ್ಟಿದ್ದ ಈ ಪುಟವನ್ನು ಎಲ್ಲ ಮುಗಿದ ಮೇಲೆ ತುಂಬುತ್ತಿದ್ದೇನೆ. ಖರ್ಚನ್ನು ಮೊದಲು ಬರೆದುಕೊಳ್ಳದೆ ನನಗೆ ಯಾವ ಕತೆಯೂ ಶುರುವಾಗುವುದಿಲ್ಲ.

ಮುಳುಗು ಹಡಗಿನ ಸಿನಿಮಾದಿಂದ ನನಗೆ ತಗುಲಿದ್ದು ಇಷ್ಟು: ಗಂಟಲಿಗೆಂದು ಎರಡು ಬಾಟಲಿ ಜೇನು, ಒಂದು ಬುಟ್ಟಿ ನಿಂಬೆಹಣ್ಣು. ಪಿಂಗಾಣಿ ಬಳಿದ ಊಟದ ತಟ್ಟೆ ಒಂದು; ಏಟು ತಿಂದು ತಿಂದು ಚಕ್ಕೆ ಎದ್ದಿದೆ, ಇನ್ನು ಊಟಕ್ಕೆ ಬಾರದು. ಸಮುದ್ರಕ್ಕೆ ಹೋಗಿ ಹಾಳಾದ ಬಿಳಿ ಷರಟು. ಒಂದೇ ಪೋಸ್ಟರನ್ನು ಎರಡು ಸಲ ಬರೆಸಿದ ಕೂಲಿ. ಮನೆಯಲ್ಲಿ ಸುಮಾರು ಒಂದು ವಾರದ ಮಾತುಕತೆ. ಕೊನೆಯದಾಗಿ ನನ್ನ ದನಿ, ಒಂದು ಸಿಗರೇಟು ಸುಟ್ಟು ಮುಗಿಯುವಷ್ಟು ಹೊತ್ತಿನದು. ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಅದೇ.

ಲಾಭದ ಬಾಬ್ತು ಕೊನೆಯ ಪುಟದಲ್ಲಿದೆ.

೧೧ ಮಾರ್ಚ್, ಗುರುವಾರ

ರೀಲಿನ ಡಬ್ಬಿಗಳು ಬಂದವು. ಬ್ಯಾಂಕಾಕಿನಿಂದ ಹಾತ್ ಯಾಯ್‌ವರೆಗೆ ರೈಲು, ಅಲ್ಲಿಂದ ನಮ್ಮ ಪಾಕ್ ಬಾಂಗ್‌ಗೆ ಬಸ್ಸಿನ ಟಾಪಿನ ಮೇಲೆ, ಕೋಳಿ ಬುಟ್ಟಿಗಳ ಪಕ್ಕದಲ್ಲಿ. ಡಬ್ಬಿಯ ಮುಚ್ಚಳಕ್ಕೆ ಪುಕ್ಕ ಅಂಟಿತ್ತು. ಯುದ್ಧದ ಸಿನಿಮಾಕ್ಕೆ ಇದಕ್ಕಿಂತ ಶುಭಶಕುನ ಬೇಕೆ?

ಟಾಕೀಸಿನ ಯಜಮಾನ ಸಿಯಾ ಕಿಮ್‌ಸೆಂಗ್ ಬನಿಯನ್ನಿನಲ್ಲೇ ಹೊರಗೆ ಬಂದು ಡಬ್ಬಿ ತಟ್ಟಿ ನೋಡಿದ. ಕುಂಬಳಕಾಯಿಯನ್ನೂ ಹೀಗೇ ತಟ್ಟಿ ಕೊಳ್ಳುವವನು ಅವನು.

"ಕಡಲ ಜನಕ್ಕೆ ಕಡಲಿನ ಸಿನಿಮಾ ಕಣಪ್ಪಾ ಫಯಾಪ್. ಹುಣ್ಣಿಮೆ ಬರ್ತಿದೆ. ಬೆಳದಿಂಗಳಲ್ಲಿ ದೀಪ ಹಚ್ಚಿದ್ರೆ ಮೀನು ಬರಲ್ಲ, ದೋಣಿಗಳೆಲ್ಲ ದಡದಲ್ಲಿರ್ತವೆ. ಗಂಡಸರ ಕೈಗೆ ಕೆಲಸ ಇಲ್ಲ, ಜೇಬಲ್ಲಿ ಕಾಸಿದೆ. ಬುಧವಾರ ಹುಣ್ಣಿಮೆ ದಿನ ನನಗೆ ಹಾಲ್ ತುಂಬಬೇಕು."

"ತುಂಬದಿದ್ರೆ, ಸಿಯಾ?"

"ಅವತ್ತೇ ಬ್ಯಾಂಕಾಕಿನ ಏಜೆಂಟೂ ಬರ್ತಿದಾನೆ. ಥಾಯ್ ಮಾತನ್ನ ರೀಲಿಗೇ ಅಂಟಿಸಿರೋ ಸಿನಿಮಾ ಕೊಡ್ತಾನಂತೆ. ಅಂಥ ರೀಲಿಗೆ ಊಟ ಹಾಕಬೇಕಿಲ್ಲ, ಕೆಮ್ಮು ಬರಲ್ಲ, ಹಬ್ಬಕ್ಕೆ ರಜೆ ಕೇಳಲ್ಲ."

ನನಗೆ ನಗು ಬಂತು. ಪರದೇಶದ ನಟರು ಪರದೆಯ ಮೇಲೆ ಬಾಯಿ ಆಡಿಸುತ್ತಾರೆ, ಅಷ್ಟೆ. ಈ ಕರಾವಳಿಯ ಜನ ದುಡ್ಡು ಕೊಡುವುದು ಪರದೆಯ ಪಕ್ಕದ ಗೂಡಿನಲ್ಲಿ ಮೈಕು ಹಿಡಿದು ಕೂತ ನನಗೆ. ಓದಿದ್ದು ನಾಲ್ಕನೇ ಕ್ಲಾಸು. ಹುಳದ ಮಾತ್ರೆ ಮಾರುವ ಲಾರಿಯ ಹಿಂದೆ ಬೆಡ್‌ಶೀಟು ಕಟ್ಟಿ ಸಿನಿಮಾ ಬಿಡುತ್ತಾ, ಊರೂರಿನ ಧೂಳು ಕುಡಿಯುತ್ತಾ ಮಾತು ಕಲಿತವನು ನಾನು. ಈ ಮೈಕು ಹೋದರೆ ನಾನೂ ನನ್ನ ಹೆಂಡತಿ ಬುಪ್ಪಾಳೂ ಮತ್ತೆ ಅದೇ ಲಾರಿ ಹತ್ತಬೇಕು. ಹತ್ತುವುದಿಲ್ಲ.

ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ನಾನೂ ಬುಪ್ಪಾಳೂ ಸಿನಿಮಾ ನೋಡಿದೆವು. ರೀಲಿನ ಸದ್ದನ್ನು ಪೂರ್ತಿ ಆರಿಸಿ ನೋಡುವುದೇ ನಮ್ಮ ಪದ್ಧತಿ. ಗಂಡಸರ ದನಿಯೆಲ್ಲ ನನ್ನದು, ಹೆಂಗಸರ ದನಿಯೆಲ್ಲ ಅವಳದು. ಇದರಲ್ಲಿ ಮೊದಲಿಂದ ಕೊನೆವರೆಗೆ ಒಂದು ಹೆಣ್ಣುನೊಣವೂ ಇಲ್ಲ! ನೀರಿನಡಿ ಓಡುವ ಕಬ್ಬಿಣದ ಕೊಳವೆಯೊಳಗೆ ಬೆವರುವ ಗಂಡಸರು, ಮೇಲೆ ಅವರನ್ನು ಹುಡುಕುವ ವೈರಿ ಹಡಗು.

"ಹಾಗಾದ್ರೆ ನಾನೇನು ಮಾಡ್ಲಿ?" ಎಂದಳು ಬುಪ್ಪಾ.

"ನೀನು ಸದ್ದು ಮಾಡು. ವೈರಿ ನೀರೊಳಗೆ 'ಟಿಂಗ್' ಅಂತ ಬಿಟ್ಟು ಹುಡುಕ್ತಾನಲ್ಲ, ಅದಕ್ಕೆ ತಟ್ಟೆ, ಚಮಚ. ಬಾಂಬಿಗೆ ತಗಡು."

"ರಾಣಿ ಆದೆ, ರಾಕ್ಷಸಿ ಆದೆ, ಸವತಿ ಆದೆ, ಮುದುಕಿ ಆದೆ. ಇನ್ನು ತಟ್ಟೆ ಆಗೋದೊಂದು ಬಾಕಿ ಇತ್ತು."

"ತಟ್ಟೆಗೂ ಒಳ್ಳೇ ಪಾತ್ರ ಇದೆ ಕಣೇ."

ಪೋಸ್ಟರ್ ಬರೆಯುವವನು ಎಂದಿನಂತೆ 'ಫಯಾಪ್–ಬುಪ್ಪಾ' ಎಂದು ಗೆರೆ ಹಾಕಿಕೊಂಡಿದ್ದ. ಚಿತ್ರದಲ್ಲಿ ಹೆಣ್ಣೇ ಇಲ್ಲದ ಮೇಲೆ ಬಣ್ಣ ಯಾಕೆ ದಂಡ ಮಾಡುತ್ತೀ ಎಂದು ಅಳಿಸಿದೆ. ಮಿಕ್ಕ ಜಾಗದಲ್ಲಿ ನನ್ನ ಹೆಸರು ಆಳೆತ್ತರ ಬಂದಿದೆ. ನೋಡಲು ಲಕ್ಷಣವಾಗಿದೆ.

೧೨ ಮಾರ್ಚ್, ಶುಕ್ರವಾರ

ಮೊದಲ ಆಟ. ನನ್ನ ಬಾಳಿನಲ್ಲೇ ಇಷ್ಟು ದನಿ ಒಂದೇ ಕೂತಲ್ಲಿ ತೆಗೆದಿರಲಿಲ್ಲ. ಕಪ್ತಾನನಿಗೆ ಎದೆಯಿಂದ, ಎಂಜಿನ್ನಿನವನಿಗೆ ಮೂಗಿನಿಂದ, ಅಡುಗೆಯವನಿಗೆ ನಮ್ಮ ಬಸ್ ಸ್ಟ್ಯಾಂಡಿನ ಅನ್ನದಂಗಡಿಯವನ ದನಿ. ಅಡುಗೆಯವ ಬಾಯಿ ತೆರೆದಾಗಲೆಲ್ಲ ಜನ ಬಿದ್ದು ಬಿದ್ದು ನಕ್ಕರು.

ಒಂದು ಕಡೆ ಸಿನಿಮಾ ತೀರಾ ಬಡಕಲು. ವೈರಿ ಹಡಗು ನೆತ್ತಿಯ ಮೇಲೆ ಬಂದಾಗ ಕಪ್ತಾನ ಬೆರಳೆತ್ತುತ್ತಾನೆ, ಎಲ್ಲರೂ ಬಾಯಿ ಮುಚ್ಚುತ್ತಾರೆ. ಆಮೇಲೆ ಬರೀ ಮುಖಗಳು. ಬೆವರು. ಕೊಳವೆಯಿಂದ ತೊಟ್ಟಿಕ್ಕುವ ನೀರು. ಒಂದು ಸಿಗರೇಟು ಸುಟ್ಟು ಮುಗಿಯುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಇದನ್ನು ಮಾಡಿದವನಿಗೆ ತಲೆ ಸರಿಯಿತ್ತೇ? ಹಾಲ್‌ನಲ್ಲಿ ಸದ್ದು ನಿಂತರೆ ಮೈಕು ಕೆಟ್ಟಿತೆಂದು ಶಿಳ್ಳೆ ಬೀಳುತ್ತದೆ, ಆಮೇಲೆ ಚಪ್ಪಲಿ, ಆಮೇಲೆ ಟಿಕೇಟಿನ ದುಡ್ಡು ವಾಪಸು. ಆದ್ದರಿಂದ ನಾನೇ ತುಂಬಿದೆ. ಅಡುಗೆಯವನ ಕೈಯಲ್ಲಿ ಸೀಗಡಿ ಚಟ್ನಿಯ ಗುಣಗಾನ ಮಾಡಿಸಿದೆ, ಎಂಜಿನ್ನಿನವನಿಂದ ಅತ್ತೆಯನ್ನು ಬೈಯಿಸಿದೆ, ನಡುವೆ ಸಿಯಾನ ತಮ್ಮನ ಐಸು ಕಾರ್ಖಾನೆಗೂ ಒಂದು ಮಾತು ಸೇರಿಸಿದೆ.

ಆಟ ಬಿಟ್ಟ ಮೇಲೆ ಸಂಗ್ವಿಯನ್ ಅಕ್ಕನ ಬೊಂಡಾಸ್ ಗಾಡಿಯ ಹತ್ತಿರ ನಿಂತೆ. ಹೊರಗೆ ಬಂದವರು ಅಲ್ಲಿ ಕೆಂಡದ ಮೇಲೆ ಸುಟ್ಟ ಹತ್ತು ಕಾಲಿನ ಬೊಂಡಾಸ್ ಮೀನು ತಿನ್ನುತ್ತಾ ಸಿನಿಮಾವನ್ನು ಇನ್ನೊಮ್ಮೆ ಸುಡುತ್ತಾರೆ. ಸಿಯಾ ಕೂಡ ನಾಳೆಯ ಆಟ ಹೇಗಿರುತ್ತದೆಂದು ಅವಳನ್ನೇ ಕೇಳುವುದು.

ಮೊದಲು ಬಾಯಿ ತೆಗೆದವನು ದೋಲೋಹ್. ಅವನ ಕಸುಬು ನೀರಿಗೆ ಕಿವಿ ಕೊಡುವುದು. ದೋಣಿಯ ಅಂಚು ಹಿಡಿದು ತಲೆಯನ್ನು ನೀರೊಳಗೆ ಮುಳುಗಿಸಿ ಯಾವ ಮೀನು ಯಾವ ದಿಕ್ಕಿನಲ್ಲಿದೆ ಎಂದು ಕೇಳಿ ಹೇಳುತ್ತಾನೆ. ಆಮೇಲೆ ಬಲೆ ಬೀಳುತ್ತದೆ. ಜಂಬದಲ್ಲಿ ನನಗೆ ಅಣ್ಣ.

"ಎಂತ ಮಾರಾಯ," ಎಂದ, ಎಲ್ಲರಿಗೂ ಕೇಳುವಂತೆ. "ಮೇಲೆ ವೈರಿ ನೀರಿಗೆ ಕಿವಿ ಇಟ್ಟು ಕೂತಿದ್ದಾನೆ. ಕೆಳಗೆ ನಿನ್ನ ಅಡುಗೆಯವ ಚಟ್ನಿ ಪುರಾಣ ಹೇಳ್ತಾನೆ. ಆ ಹಡಗಿಗೆ ಬಾಂಬು ಬಿದ್ದದ್ದು ವೈರಿಯಿಂದ ಅಲ್ಲ, ನಿನ್ನ ಬಾಯಿಂದ."

"ಸುಮ್ನಿದ್ರೆ ಶಿಳ್ಳೆ ಹೊಡೆಯೋರು ನೀವೇ ಅಲ್ವೇನಣ್ಣ?"

"ನಾನು ತಲೆ ಮುಳುಗಿಸಿದಾಗ ದೋಣಿಯಲ್ಲಿ ಒಬ್ಬ ಕೆಮ್ಮಿದ್ರೆ ಅವನಿಗೆ ಆ ದಿನದ ಪಾಲಿಲ್ಲ. ಗೊತ್ತುಂಟಾ?"

ಇನ್ನೊಬ್ಬ: "ಅಲ್ಲ, ಮುಳುಗ್ಲಿಕ್ಕೇಂತ ಯಾರಾದ್ರೂ ಹಡಗು ಕಟ್ತಾರಾ? ನಮ್ಮವು ಪುಕ್ಕಟೆ ಮುಳುಗ್ತವೆ."

ಸಂಗ್ವಿಯನ್ ಅಕ್ಕ ಬೀಸಣಿಗೆ ನಿಲ್ಲಿಸಿ ಅಂದಳು: "ಆ ಹಡಗಿನ ಮೂತಿಗೆ ಒಂದು ಬಣ್ಣದ ಬಟ್ಟೆ ಕಟ್ಟಿಲ್ಲ, ಒಂದು ಹೂವಿನ ಸರ ಇಲ್ಲ. ಹಡಗು ಕಾಯುವ ದೇವಿ, ಹಡಗಿನ ತಾಯಿ, ಎಲ್ಲಿ ಕೂತ್ಕೊಳ್ಳುದು? ಅವಳಿಗೆ ಜಾಗ ಕೊಡದೆ ಸಮುದ್ರಕ್ಕೆ ಇಳಿದ್ರೆ ಬಾಂಬು ಬೀಳದೆ ಹೂ ಬೀಳ್ತದಾ? ಅದಿರ್ಲಿ, ಬುಪ್ಪಕ್ಕ ಎಲ್ಲಿ? ಜ್ವರವಾ?"

ಬುಪ್ಪಾ ಎಲ್ಲಿ ಎಂದು ಇನ್ನೂ ಹಲವರು ಕೇಳಿದರು. ಒಳಗೆ ತಟ್ಟೆ ಒರೆಸುತ್ತಿದ್ದಾಳೆ ಎಂದೆ.

ಒಟ್ಟಿನಲ್ಲಿ ಒಳ್ಳೆಯ ಆರಂಭ. ಹಾಲ್ ಮುಕ್ಕಾಲು ತುಂಬಿತ್ತು. ಜನ ಮಾತಾಡುತ್ತಿದ್ದಾರೆ ಎಂದರೆ ಸಿನಿಮಾ ಬದುಕಿದೆ ಎಂದರ್ಥ.

೧೩ ಮಾರ್ಚ್, ಶನಿವಾರ

ಅರ್ಧ ಹಾಲ್.

ಗಿರಾಕಿ ಕೇಳಿದ್ದನ್ನು ಕೊಡುವವನೇ ವ್ಯಾಪಾರಿ. ಹಡಗಿನ ತಾಯಿ ಬೇಕೇ, ಇಗೋ ತಗೊಳ್ಳಿ ಎಂದು ಬಾಂಬು ಬೀಳುವ ಹೊತ್ತಿಗೆ ಸಣ್ಣ ದನಿ ತೆಗೆದು ನಾನೇ ತಾಯಿಯಾದೆ. "ಹೆದರಬೇಡಿ ಮಕ್ಕಳಾ, ನಾನಿದ್ದೇನೆ" ಎಂದೆ. ಮುಂದಿನ ಬೆಂಚಿನಿಂದ ಯಾರೋ, "ಅಯ್ಯಯ್ಯೋ, ತಾಯಿಗೆ ಮೀಸೆ ಬಂತು!" ಎಂದ. ಮುಂದಿನ ಮೂರು ಮಾತು ಯಾರಿಗೂ ಕೇಳಲಿಲ್ಲ.

ಸಂಗ್ವಿಯನ್ ಅಕ್ಕನಿಗೆ ಮಾತ್ರ ನಗು ಬರಲಿಲ್ಲ. "ಆ ತಾಯಿ ಹತ್ತಿರ ಆಟ ಆಡ್ಬೇಡ ತಮ್ಮಾ. ನನ್ನ ಗಂಡ ದಿನಾ ಅವಳ ಮುಂದೆ ಕೈ ಮುಗಿದು ಹೋಗ್ತಿದ್ದ. ಕೊನೇ ದಿನ ಅವಸರದಲ್ಲಿ ಮರೆತ." ಇಷ್ಟು ಹೇಳಿ ನನಗೆ ಕೊಡಬೇಕಾದ ಬೊಂಡಾಸನ್ನು ಹಿಂದಿನವನಿಗೆ ಕೊಟ್ಟಳು.

ಸಂಜೆಯ ಎರಡನೇ ಆಟದಲ್ಲಿ ಒಂದು ವಿಚಿತ್ರ. ಕಪ್ತಾನ ಬೆರಳೆತ್ತಿದ, ನಾನು ಅಡುಗೆಯವನ ಬಾಯಿ ಬಿಡಿಸಿದೆ. ಹಿಂದಿನಿಂದ ದೋಲೋಹ್, "ಶ್!" ಎಂದ. ಅವನ ಸಾಲಿನವರೂ "ಶ್!" ಎಂದರು. ನಾನು ಮಾತಾಡಿದಾಗಲೆಲ್ಲ "ಶ್!". ಜನ ಆಟದಲ್ಲಿ ಸೇರಿಕೊಳ್ಳುತ್ತಿದ್ದಾರೆ. ನಾನು ಇದನ್ನು ಪ್ರೀತಿ ಎಂದೇ ತಿಳಿಯುತ್ತೇನೆ.

ಬುಪ್ಪಾ ಗುರುವಾರದಿಂದ ನನ್ನೊಡನೆ ಮಾತಾಡಿಲ್ಲ. ಗಂಟಲು ಉಳಿಸುತ್ತಿರಬೇಕು. ಮನೆ ಪ್ರಶಾಂತವಾಗಿದೆ, ನನಗೂ ವಿಶ್ರಾಂತಿ.

೧೪ ಮಾರ್ಚ್, ಭಾನುವಾರ

ಭಾನುವಾರದ ಆಟಕ್ಕೆ ಇಷ್ಟು ಖಾಲಿ ಬೆಂಚುಗಳನ್ನು ನಾನು ನೋಡಿಲ್ಲ. ಬಂದವರಲ್ಲೂ ಅರ್ಧ ಜನ "ಶ್!" ಅನ್ನಲೆಂದೇ ಬಂದವರು. ಸಿಯಾ ಟಿಕೇಟಿನ ಕಿಂಡಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ. ನನ್ನನ್ನು ಕಂಡು "ಬುಧವಾರ" ಎಂದ, ಅಷ್ಟೆ. ಮಿತಭಾಷಿ ಆಗುವುದಕ್ಕೆ ಅವನಿಗೆ ಈಗಲೇ ಹೊತ್ತು ಸಿಕ್ಕಿತು.

ಬೆಳಗ್ಗೆ ಬುಪ್ಪಾಳ ಹತ್ತಿರ ವ್ಯವಹಾರದ ಮಾತಾಡಿದೆ.

"ಹಡಗಿನ ತಾಯಿ ನೀನಾಗು. ನಾಲ್ಕೈದು ಮಾತು ಸಾಕು. ಎಲ್ಲಿ ಬೇಕೋ ಅಲ್ಲಿ ನಾನು ಕಣ್ಸನ್ನೆ ಮಾಡ್ತೀನಿ."

ಚಮಚ ಕೆಳಗಿಟ್ಟಳು. "ಪೋಸ್ಟರಲ್ಲಿ ಇಲ್ಲದೋಳು ಮಾತಾಡಿದ್ರೆ ಜನ ದೆವ್ವ ಅಂದ್ಕೊಳ್ತಾರೆ."

"ಅದು ಬರೀ ಬಣ್ಣದ ವಿಷಯ ಕಣೇ, ಚಿತ್ರದಲ್ಲಿ ಹೆಣ್ಣಿಲ್ಲ ಅಂತ..."

"ಹೌದಲ್ಲ, ಇಲ್ಲ." ಮತ್ತೆ ಚಮಚ ಎತ್ತಿಕೊಂಡು ತಟ್ಟೆಗೆ ಒಂದು ಏಟು. ಟಿಂಗ್.

ಇಂಥ ಒಳ್ಳೆಯ ಏಟು ಆಟದಲ್ಲಿ ಹೊಡೆದರೆ ಆಗುತ್ತಿತ್ತು ಎಂದುಕೊಂಡೆ. ಆದರೆ ಆಟದಲ್ಲೂ ಹಾಗೇ ಹೊಡೆಯುತ್ತಿದ್ದಾಳೆ. ನಾನೇ ಮೇಲಿಂದ ಮಾತಾಡುವುದರಿಂದ ಕೇಳಿಸುತ್ತಿಲ್ಲ ಎಂದು ದೋಲೋಹ್ ಹೇಳುತ್ತಾನೆ. ಅವನಿಗೆ ಎಲ್ಲದರಲ್ಲೂ ಒಂದು ಅಭಿಪ್ರಾಯ.

೧೫ ಮಾರ್ಚ್, ಸೋಮವಾರ

ಬೊಂಡಾಸ್ ಗಾಡಿಯ ಮುಂದೆ ದೋಲೋಹ್ ನನ್ನನ್ನು ಹಿಡಿದು ನಿಲ್ಲಿಸಿದ.

"ನಾಳೆ ಆಟ ಇಲ್ಲವಲ್ಲ. ನಾನು ಹಗಲಲ್ಲೇ ಹೋಗುವವ, ನನಗೆ ದೀಪ ಬೇಡ. ನನ್ನ ದೋಣಿಗೆ ಬಾ. ನಾನು ಕಿವಿ ಕೊಡುವಷ್ಟು ಹೊತ್ತು ನೀನು ಬಾಯಿ ಮುಚ್ಚಿ ಕೂತ್ರೆ, ಬುಧವಾರ ಊರಿಡೀ ಕರ್ಕೊಂಡು ಬರ್ತೇನೆ."

"ಕೂರದಿದ್ರೆ?"

"ಈಜ್ಲಿಕ್ಕೆ ಬರ್ತದಲ್ಲ?"

ಸುತ್ತಲಿದ್ದವರು ಆಗಲೇ ಬಾಜಿ ಕಟ್ಟತೊಡಗಿದರು. ನನ್ನ ಪರವಾಗಿ ಕಟ್ಟಿದವಳು ಸಂಗ್ವಿಯನ್ ಅಕ್ಕ ಒಬ್ಬಳೇ, ಅದೂ ಒಂದು ಬೊಂಡಾಸ್. ಒಪ್ಪಿಕೊಂಡೆ. ಇದಕ್ಕಿಂತ ಅಗ್ಗದ ಜಾಹೀರಾತು ಎಲ್ಲಿ ಸಿಗುತ್ತದೆ? ಬಿಳಿ ಷರಟು ಇಸ್ತ್ರಿ ಮಾಡಿಟ್ಟಿದ್ದೇನೆ.

೧೬ ಮಾರ್ಚ್, ಮಂಗಳವಾರ

ಸಮುದ್ರಕ್ಕೆ ಹೋಗಿ ಬಂದೆ.

ದಡ ದಾಟುವವರೆಗೆ ಎಲ್ಲರೂ ಹರಟೆ ಹೊಡೆಯುತ್ತಿದ್ದರು. ದೋಲೋಹ್ ಕೈಯೆತ್ತಿದ, ಎಂಜಿನ್ನು ನಿಂತಿತು, ಮಾತೂ ನಿಂತಿತು. ಅವನು ನೀರಿಗೆ ಇಳಿದು ಅಂಚು ಹಿಡಿದು ತಲೆ ಮುಳುಗಿಸಿದ. ನಾನು ಏನೋ ಹೇಳಲು ಬಾಯಿ ತೆರೆದೆ. ಪಕ್ಕದವನು ಮೀನು ಮೆತ್ತಿದ ಕೈಯನ್ನು ನನ್ನ ಬಾಯಿಗೆ ಅಡ್ಡ ಇಟ್ಟ. ಷರಟು ಆಗ ಹಾಳಾಯಿತು.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಹಲಗೆಯ ಕಿರುಗುಟ್ಟು. ಹಗ್ಗದ ತುದಿಯಿಂದ ಹನಿ ಬೀಳುವುದು. ನನ್ನ ಹೊಟ್ಟೆ. ಪಕ್ಕದವನ ಉಸಿರು, ಅವನಿಗೆ ಸ್ವಲ್ಪ ಗೂರಲು ಇದೆ. ಎಲ್ಲರೂ ನೀರಿನ ಮೇಲೆ ತೇಲುವ ದೋಲೋಹನ ಬೆನ್ನನ್ನೇ ನೋಡುತ್ತಿದ್ದರು. ಪರದೆಯ ಮೇಲಿನ ಆ ಬೆವರುವ ಮುಖಗಳದ್ದೂ ಇದೇ ನೋಟ.

ದೋಲೋಹ್ ತಲೆ ಎತ್ತಿ ನೀರು ಉಗಿದು ಬಲಕ್ಕೆ ಕೈ ಮಾಡಿದ. ಬಲೆ ಬಿತ್ತು. ಮೇಲೆ ಬಂದ ಮೀನುಗಳು ದೋಣಿಯ ತಳದಲ್ಲಿ ಗೊರ್ ಗೊರ್ ಎಂದು ಸದ್ದು ಮಾಡುತ್ತಿದ್ದವು, ಕಪ್ಪೆಗಳ ಹಾಗೆ.

"ಸುಮ್ಮನೆ ಕೂತೆಯಲ್ಲ. ಕಷ್ಟ ಆಯ್ತಾ?" ಎಂದ.

"ಹೊಟ್ಟೆ ನೋವು ಬಂತು."

"ಮೊದಮೊದಲು ಹಾಗೇ."

ಮನೆಗೆ ಬಂದಾಗ ಬುಪ್ಪಾ ಒರಳಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಹೊರಗೆ ಕೂತು ಕಾಲು ತೊಳೆಯುತ್ತಾ ಕೇಳಿದೆ. ಮನಸ್ಸು ಸರಿಯಿದ್ದಾಗ ಬೇಗ ಬೇಗ ಕುಟ್ಟುತ್ತಾಳೆ. ಇವತ್ತು ಒಂದೊಂದೇ ಏಟು, ನಡುವೆ ತುಂಬ ಹೊತ್ತು ಬಿಟ್ಟು. ಇದು ನನಗೆ ಮೊದಲೇ ಗೊತ್ತಿತ್ತು, ಬರೆದಿಟ್ಟಿರಲಿಲ್ಲ ಅಷ್ಟೆ.

ಊಟಕ್ಕೆ ಮೊದಲು ಪೋಸ್ಟರಿನವನ ಮನೆಗೆ ಹೋಗಿ ಬಂದೆ. ವ್ಯಾಪಾರದ ದೃಷ್ಟಿಯಿಂದ.

೧೭ ಮಾರ್ಚ್, ಬುಧವಾರ, ಹುಣ್ಣಿಮೆ

ಬೆಳಗ್ಗೆ ಟಾಕೀಸಿನ ಮುಂದೆ ಹೊಸ ಪೋಸ್ಟರ್. 'ಬುಪ್ಪಾ–ಫಯಾಪ್'. ಅವಳ ಹೆಸರು ಮೊದಲು, ನನ್ನದು ಪಕ್ಕದಲ್ಲಿ, ಎರಡೂ ಒಂದೇ ಎತ್ತರ. ಬಣ್ಣ ಇನ್ನೂ ಹಸಿ. ಬುಪ್ಪಾ ಮಾರುಕಟ್ಟೆಗೆ ಹೋಗುವಾಗ ಅದರ ಮುಂದೆ ನಿಂತಳು. ತರಕಾರಿ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಮುಂದೆ ಹೋದಳು. ಮಧ್ಯಾಹ್ನ ಚಮಚವನ್ನು ಬೂದಿ ಹಾಕಿ ಉಜ್ಜಿದಳು.

ದೋಲೋಹ್ ಮಾತು ಉಳಿಸಿಕೊಂಡ. ದೋಣಿಯವರು, ಅವರ ಹೆಂಡಿರು, ಮಕ್ಕಳು, ಮಸೀದಿಯ ಬೀದಿಯವರು, ದೇವಾಲಯದ ಬೀದಿಯವರು. ಬೆಂಚು ಸಾಲದೆ ಮೀನಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂತರು. ಸಿನಿಮಾ ನೋಡಲು ಬಂದವರು ಕಡಿಮೆ. ಬಾಯಾಳಿ ಫಯಾಪ್ ಬಾಯಿ ಮುಚ್ಚುತ್ತಾನೋ ಇಲ್ಲವೋ ನೋಡಲು ಬಂದವರೇ ಹೆಚ್ಚು. ಮುಂದಿನ ಸಾಲಿನಲ್ಲಿ ಸಿಯಾ, ಅವನ ಪಕ್ಕ ಕೂಲಿಂಗ್ ಗ್ಲಾಸಿನ ಬ್ಯಾಂಕಾಕ್ ಏಜೆಂಟು. ಹಾಲ್ ಒಳಗೂ ಅದನ್ನು ತೆಗೆದಿರಲಿಲ್ಲ.

ಮೊದಲರ್ಧ ನನ್ನದು. ಒಂದು ದನಿಯೂ ಜಾರಲಿಲ್ಲ; ಅಡುಗೆಯವನಿಗೆ ಚಪ್ಪಾಳೆ ಬಿತ್ತು. ಬುಪ್ಪಾ ಪಕ್ಕದಲ್ಲಿ ಕೂತು ತಗಡು ಬಡಿಯುತ್ತಿದ್ದಳು, ತಟ್ಟೆ ಮಡಿಲಲ್ಲಿ. ಮಾತಾಡುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಕಪ್ತಾನ ಬೆರಳೆತ್ತಿದ.

ನಾನು ಮೈಕನ್ನು ಅವಳ ತಟ್ಟೆಯ ಕಡೆ ತಿರುಗಿಸಿ, ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ.

ಎಲ್ಲೋ ಒಬ್ಬ ಕಿಸಕ್ಕೆಂದ. ಪ್ರೊಜೆಕ್ಟರ್ ಗಿರ್ರೆನ್ನುವುದು ಕೇಳಿಸಿತು. ನನ್ನ ಅಂಗಿಯೊಳಗೆ ಬೆವರು ಇಳಿಯಿತು. ಏಜೆಂಟು ತಿರುಗಿ, "ಏನ್ರೀ, ಮೈಕ್ ಹೋಯ್ತಾ?" ಎಂದು ಗಟ್ಟಿಯಾಗಿ ಕೇಳಿದ. ಹಾಲ್‌ಗೆ ಹಾಲೇ ಅವನಿಗೆ, "ಶ್!" ಎಂದಿತು.

ಟಿಂಗ್.

ಬುಪ್ಪಾ ಪರದೆ ನೋಡುತ್ತಿರಲಿಲ್ಲ; ಜನರ ತಲೆಗಳನ್ನು ನೋಡುತ್ತಿದ್ದಳು. ಅವರು ಉಸಿರು ಬಿಡುವವರೆಗೆ ಕಾದು, ಬಿಟ್ಟ ಕೂಡಲೇ ಹೊಡೆಯುತ್ತಿದ್ದಳು. ಟಿಂಗ್. ಪರದೆಯ ಮೇಲೆ ವಯಸ್ಸಾದ ನಾವಿಕನೊಬ್ಬನ ಮೂಗಿನ ತುದಿಯಲ್ಲಿ ಬೆವರು ಹನಿ. ಟಿಂಗ್. ಎಲ್ಲೋ ಒಂದು ಮಗು ರಾಗ ಎಳೆಯಿತು. ತಾಯಿ ಅದನ್ನು ಎದೆಗೆ ಒತ್ತಿಕೊಂಡಳು. ಟಿಂಗ್. ಸಮೀಪ. ಟಿಂಗ್. ನೆತ್ತಿಯ ಮೇಲೆ. ಹಿಂದೆ ಕೂತ ದೋಲೋಹ್ ಕಣ್ಣು ಮುಚ್ಚಿ ಕತ್ತು ವಾಲಿಸಿದ್ದ, ನೀರಿನಲ್ಲಿ ಇದ್ದ ಹಾಗೆ.

ಬುಪ್ಪಾ ಚಮಚ ಎತ್ತಿದಳು. ಹೊಡೆಯಲಿಲ್ಲ.

ಊರಿಗೆ ಊರೇ ಆ ಒಂದು ಏಟಿಗೆ ಕಾದು ಕೂತಿತ್ತು. ಅದು ಬರಲಿಲ್ಲ. ಇನ್ನೂ ಬರಲಿಲ್ಲ. ಚಮಚ ಗಾಳಿಯಲ್ಲೇ ಇತ್ತು. ಆಮೇಲೆ ಅವಳು ಮೈಕಿಗೆ ಬಾಗಿದಳು. ರಾಣಿಯ ದನಿಯಲ್ಲ, ರಾಕ್ಷಸಿಯದಲ್ಲ. ಕತ್ತಲಲ್ಲಿ ಎದ್ದು ಕೂತ ಮನೆಮಂದಿಗೆ ಹೇಳುವಂತೆ, ಮೆಲ್ಲಗೆ:

"ಹೋದ್ರು. ಉಸಿರಾಡ್ರಪ್ಪಾ ಮಕ್ಕಳಾ. ನಾನಿಲ್ಲೇ ಇದೀನಿ."

ಹಾಲ್ ಉಸಿರು ಬಿಟ್ಟ ಸದ್ದು ಎಂಥದೆಂದು ಬರೆಯಲು ನೋಡಿದೆ, ಆಗುತ್ತಿಲ್ಲ. ಸಂಗ್ವಿಯನ್ ಅಕ್ಕ ಬಾಗಿಲ ಬಳಿ ನಿಂತು, ಹಡಗಿನ ಮೂತಿ ಕಂಡ ಕೂಡಲೇ ಪರದೆಗೆ ಕೈ ಮುಗಿದಳು. ಅವಳ ಹಿಂದೆ ಇನ್ನೂ ಕೆಲವರು.

ಮುಂದಿನ ಮಾತು ಕಪ್ತಾನನದು, ಅಂದರೆ ನನ್ನದು. ಜನರನ್ನು ನೋಡುತ್ತಾ ಮೈಕು ಈ ಕಡೆ ತಿರುಗಿಸಿಕೊಳ್ಳುವುದನ್ನೇ ಮರೆತಿದ್ದೆ. ಬುಪ್ಪಾ ಮೊಣಕೈಯಿಂದ ತಿವಿದ ಮೇಲೆ ದನಿ ಹೊರಟಿತು.

೧೮ ಮಾರ್ಚ್, ಗುರುವಾರ

ಬೊಂಡಾಸ್ ಗಾಡಿಯ ಅಭಿಪ್ರಾಯಗಳು, ಕೇಳಿಸಿಕೊಂಡ ಹಾಗೇ ಬರೆದಿದ್ದೇನೆ, ನನ್ನ ಉತ್ತರ ಸೇರಿಸಿಲ್ಲ:

"ಈಗ ಸರಿಯಾಯ್ತು. ತಾಯಿ ಒಳಗೇ ಕೂತಿದ್ದಾಳೆ, ಮೂತಿಗೆ ಬಟ್ಟೆ ಕಟ್ಟಿದ್ರೆ ನೀರಲ್ಲಿ ಒದ್ದೆಯಾಗ್ತದೆ ಅಂತ."

"ನನ್ನ ಗಂಡ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಮದುವೆ ಆದ ಮೇಲೆ ಇದೇ ಮೊದಲು."

"ಕೊನೆಗೆ ಮುಳುಗೋ ಹಡಗು ಮೇಲೆ ಬಂತಲ್ಲ, ಅದೇ ಚೆಂದ."

ದೋಲೋಹ್: "ಚಮಚದ ಹೆಂಗಸಿಗೆ ಕಿವಿ ಉಂಟು. ಗಂಡಸಾಗಿದ್ರೆ ದೋಣಿಗೆ ತಗೊಳ್ತಿದ್ದೆ."

ಬುಪ್ಪಾ ಅಲ್ಲೇ ಬೊಂಡಾಸ್ ಕೊಳ್ಳುತ್ತಿದ್ದಳು. "ದೋಣಿಗೆ ಬಂದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಹೆದರಿಕೆ, ಅಲ್ವಾ ದೋಲೋಹಣ್ಣ?" ಎಂದಳು. ಅವನು ತಲೆ ಬಗ್ಗಿಸಿ ಬೊಂಡಾಸ್ ತಿನ್ನತೊಡಗಿದ. ನನಗೆ ಇದು ತುಂಬ ಹಿಡಿಸಿತು.

ಸಿಯಾ ಸಂಜೆ ನಮ್ಮಿಬ್ಬರನ್ನೂ ಕರೆದ. "ಏಜೆಂಟು ಕೊಡೋ ರೀಲಲ್ಲಿ ಎಲ್ಲರೂ ಬಾಯಿ ಮುಚ್ಚೋ ಆ ಜಾಗಕ್ಕೆ ಪೂರ್ತಿ ಸಂಗೀತ ತುಂಬಿದಾರಂತೆ ಕಣಯ್ಯಾ. ಪಿಟೀಲು. ಪಿಟೀಲು ಕೇಳ್ಕೊಂಡು ಯಾವನು ಉಸಿರು ಬಿಗಿ ಹಿಡೀತಾನೆ?"

"ಹಾಗಾದ್ರೆ ಏಜೆಂಟು ವಾಪಸ್ಸಾ?"

"ಪೂರ್ತಿ ವಾಪಸ್ಸಲ್ಲ. ಸೋಮವಾರ, ಮಂಗಳವಾರ ಅವನ ರೀಲು. ಮಿಕ್ಕ ದಿನ ನೀವಿಬ್ರು. ನಾನು ವ್ಯಾಪಾರಿ, ಸನ್ಯಾಸಿ ಅಲ್ಲ."

ಬುಪ್ಪಾ ಮುಂದೆ ಬಂದಳು. "ಸಂಬಳ ಇನ್ಮೇಲೆ ಎರಡು ಲಕೋಟೆಯಲ್ಲಿ ಕೊಡಿ, ಸಿಯಾ. ಒಂದರ ಮೇಲೆ ನನ್ನ ಹೆಸರು."

ಸಿಯಾ ನನ್ನ ಮುಖ ನೋಡಿದ. ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದ. ನಾನು ಬುಪ್ಪಾಳ ಕಡೆ ಕೈ ತೋರಿಸಿದೆ.

ಕೊನೆಯ ಪುಟ. ೨೧ ಮಾರ್ಚ್, ಭಾನುವಾರ

ನಿನ್ನೆ ಕೊನೆಯ ಆಟ. ಇವತ್ತು ಡಬ್ಬಿಗಳು ಬಸ್ಸು ಹತ್ತಿದವು. ಮುಂದಿನ ವಾರ ಬರುವುದು ದೆವ್ವದ ಸಿನಿಮಾ. ಅದರಲ್ಲಿ ಹೆಂಗಸರೇ ಹೆಚ್ಚು, ನನಗೆ ಒಬ್ಬ ಕುಡುಕ, ಒಂದು ನಾಯಿ. ನಾಯಿಯ ಪಾತ್ರ ಒಳ್ಳೆಯದಿದೆ.

ಯಾರಿಗೆ ಏನು ಸಿಕ್ಕಿತು:

ಸಿಯಾ ಕಿಮ್‌ಸೆಂಗ್‌ಗೆ ತುಂಬಿದ ಹುಣ್ಣಿಮೆ, ಜೊತೆಗೆ ಮುರಿದ ಎರಡು ಬೆಂಚು.

ಏಜೆಂಟಿಗೆ ವಾರದಲ್ಲಿ ಎರಡು ದಿನ. ಬಾಗಿಲಲ್ಲಿ ಸಂಗ್ವಿಯನ್ ಅಕ್ಕ ಪುಕ್ಕಟೆ ಕೊಟ್ಟ ಒಂದು ಬೊಂಡಾಸ್, ವಿಪರೀತ ಖಾರದ್ದು.

ಸಂಗ್ವಿಯನ್ ಅಕ್ಕನಿಗೆ ನನ್ನ ಮೇಲೆ ಕಟ್ಟಿದ ಬಾಜಿ. ಗೆದ್ದ ದುಡ್ಡಿನಲ್ಲಿ ಗಂಡನ ಹಳೆಯ ದೋಣಿಯ ಮೂತಿಗೆ ಹೊಸ ಬಣ್ಣದ ಬಟ್ಟೆ ಕಟ್ಟಿದ್ದಾಳೆ. ದೋಣಿ ಈಗ ಅವಳ ತಮ್ಮನದು.

ದೋಲೋಹ್‌ಗೆ, ನನ್ನ ಬಾಯಿ ಮುಚ್ಚಿಸಿದವನು ಎಂಬ ಹೆಸರು. ಸಾಯುವವರೆಗೆ ಹೇಳಿಕೊಂಡು ತಿರುಗುತ್ತಾನೆ.

ಬುಪ್ಪಾಳಿಗೆ ಒಂದು ಲಕೋಟೆ, ಪೋಸ್ಟರಿನಲ್ಲಿ ಮೊದಲ ಜಾಗ, ಹೊಸ ಊಟದ ತಟ್ಟೆ. ಹಳೆಯದನ್ನು ಗೋಡೆಗೆ ನೇತು ಹಾಕಿದ್ದಾಳೆ.

ನನಗೆ ಮೈಕು ಉಳಿಯಿತು. ಇವತ್ತು ಊಟಕ್ಕೆ ಕೂತಾಗ ಒಂದು ಪ್ರಶ್ನೆಯೂ ಸಿಕ್ಕಿತು. "ಸಾರಿಗೆ ಹುಳಿ ಸಾಕಾ?" ಎಂದಳು. ಎಂದಿನಂತೆ ಸಾಕು ಎನ್ನಲು ಬಾಯಿ ತೆರೆದೆ. ಮೊದಲು ಒಂದು ಚಮಚ ಕುಡಿದು ನೋಡಿದೆ. ಇನ್ನೂ ಸ್ವಲ್ಪ ಬೇಕಿತ್ತು.